ಡಾಸ್ ಕಾಲದ ಮೆಮೊರಿಯನ್ನು ಎಮ್ಯುಲೇಟರ್ ಮತ್ತೆ ಕಟ್ಟುವುದು ಹೇಗೆ, ಎಡವುವುದು ಎಲ್ಲಿ?

ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಮಷೀನಿನ ಪಕ್ಕ ಹಳದಿಗಟ್ಟಿದ ಕ್ಯಾಬಿನೆಟ್ಟಿನ ಪಿಸಿಯೊಂದು ಇಂದಿಗೂ ಕಾಣಸಿಗುತ್ತದೆ. ಸೀರಿಯಲ್ ಕೇಬಲ್‌ನಲ್ಲಿ ಮಷೀನಿಗೆ ಜಾಬ್ ಪ್ರೋಗ್ರಾಂ ಇಳಿಸುವುದಷ್ಟೇ ಅದರ ಕೆಲಸ. ಒಳಗೆ ಓಡುವುದು ಡಾಸ್, ವಿಂಡೋಸ್‌ಗಿಂತ ಹಿಂದಿನ ಆಪರೇಟಿಂಗ್ ಸಿಸ್ಟಂ. ಮಷೀನು ಗಟ್ಟಿಮುಟ್ಟಾಗಿದೆ, ಪಿಸಿ ಮಾತ್ರ ಇವತ್ತೋ ನಾಳೆಯೋ ಎಂಬಂತಿದೆ. ಎಸ್.ಪಿ. ರೋಡಿಗೆ ಹೋಗಿ ಐಎಸ್‌ಎ ಸ್ಲಾಟ್ ಇರುವ ಮದರ್‌ಬೋರ್ಡ್ ಕೇಳಿದರೆ, ಸಿಕ್ಕರೂ ಸೆಕೆಂಡ್‌ಹ್ಯಾಂಡ್ ಮಾಲು. ಲೆಕ್ಕಪತ್ರದ ಆಫೀಸುಗಳದ್ದು ಇನ್ನೊಂದು ಬಗೆಯ ಪಾಡು. ಇಪ್ಪತ್ತು ವರ್ಷದ ಲೆಡ್ಜರ್ ಡಾಸ್ ಪ್ರೋಗ್ರಾಂ ಒಂದರಲ್ಲಿ ಕೂತಿದೆ, ಅದು 32-ಬಿಟ್ ವಿಂಡೋಸ್ 10ರಲ್ಲಿ ಹೇಗೋ ಓಡಿಕೊಂಡಿತ್ತು.

ಆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರಲ್ಲಿ 32-ಬಿಟ್ ಆವೃತ್ತಿಯೇ ಇಲ್ಲ. ಹೊಸ ಕಂಪ್ಯೂಟರ್ ತಂದು, ಹಳೆಯ ಪ್ರೋಗ್ರಾಂ ಕಾಪಿ ಮಾಡಿ, ಡಬಲ್ ಕ್ಲಿಕ್ ಮಾಡಿದರೆ 'ಈ ಪಿಸಿಯಲ್ಲಿ ಈ ಆ್ಯಪ್ ಓಡುವುದಿಲ್ಲ' ಎಂಬ ಸಂದೇಶ ಬರುತ್ತದೆ. ಕಂಪ್ಯೂಟರ್ ಗೊತ್ತಿರುವವರನ್ನು ಕೇಳಿದರೆ 'ಎಮ್ಯುಲೇಟರ್ ಹಾಕಿಕೊಳ್ಳಿ' ಅನ್ನುತ್ತಾರೆ. ಹಳೆಯ ಯಂತ್ರವನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಪ್ರೋಗ್ರಾಂ ಅದು. ಮಾತು ಸರಿ. ಆದರೆ ಯಾವುದನ್ನು ಹಾಕಿಕೊಳ್ಳಬೇಕು, ಹಾಕಿದ ಮೇಲೂ ಕೆಲವು ಪ್ರೋಗ್ರಾಂಗಳು ಏಕೆ ಕೈಕೊಡುತ್ತವೆ ಎಂದು ತಿಳಿಯಬೇಕಾದರೆ, ಹಳೆಯ ಪ್ರಾಸೆಸರ್‌ಗಳು ಮೆಮೊರಿಯನ್ನು ಹೇಗೆ ನೋಡುತ್ತಿದ್ದವು ಎಂಬಲ್ಲಿಂದ ಶುರು ಮಾಡಬೇಕು.

## ಒಂದೇ ಅಂಗಡಿಗೆ ಹಲವು ವಿಳಾಸ

ಕಂಪ್ಯೂಟರಿನ ಮೆಮೊರಿ ಎಂದರೆ ಸಾಲಾಗಿ ನಿಂತ ಡಬ್ಬಿಗಳು. ಒಂದು ಡಬ್ಬಿಯಲ್ಲಿ ಒಂದು ಬೈಟ್. ಪ್ರತಿ ಡಬ್ಬಿಗೂ ಒಂದು ಕ್ರಮಸಂಖ್ಯೆ, ಅದೇ ಅದರ ವಿಳಾಸ. ಇಂಟೆಲ್ 1978ರಲ್ಲಿ ತಂದ 8086 ಪ್ರಾಸೆಸರ್‌ನಿಂದ ಮೆಮೊರಿಗೆ 20 ವಿಳಾಸದ ತಂತಿಗಳಿದ್ದವು. 20 ತಂತಿಗಳಿಂದ 10,48,576 ಡಬ್ಬಿಗಳನ್ನು, ಅಂದರೆ 1 ಎಂಬಿಯನ್ನು ಗುರುತಿಸಬಹುದು. ತೊಡಕು ಏನೆಂದರೆ, ಪ್ರಾಸೆಸರ್‌ನ ಒಳಗೆ ಲೆಕ್ಕಕ್ಕೆಂದು ಸಂಖ್ಯೆ ಹಿಡಿದಿಡುವ ರಿಜಿಸ್ಟರ್‌ಗಳು 16 ಬಿಟ್‌ನವು. ಅವುಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 65,535.

ಇದಕ್ಕೆ ಇಂಟೆಲ್ ಕಂಡುಕೊಂಡ ಉಪಾಯ ಗಾಂಧಿ ಬಜಾರಿನಲ್ಲಿ ದಾರಿ ಹೇಳುವ ರೀತಿಯದು. 'ಬ್ಯಾಂಕಿನಿಂದ ನಾಲ್ಕನೇ ಅಂಗಡಿ' ಅನ್ನುತ್ತೇವಲ್ಲ, ಹಾಗೆ ವಿಳಾಸದಲ್ಲಿ ಎರಡು ಭಾಗ. ಗುರುತಿನ ಜಾಗಕ್ಕೆ ಸೆಗ್ಮೆಂಟ್ ಎಂದೂ ಅಲ್ಲಿಂದ ಎಣಿಸಬೇಕಾದ ಹೆಜ್ಜೆಗೆ ಆಫ್‌ಸೆಟ್ ಎಂದೂ ಹೆಸರು. ಸೆಗ್ಮೆಂಟನ್ನು 16ರಿಂದ ಗುಣಿಸಿ ಆಫ್‌ಸೆಟ್ ಕೂಡಿಸಿದರೆ ನಿಜವಾದ ವಿಳಾಸ ಸಿಗುತ್ತದೆ. ಅದೇ ಅಂಗಡಿಯನ್ನು ಇನ್ನೊಬ್ಬರು 'ಸರ್ಕಲ್‌ನಿಂದ ಇಪ್ಪತ್ತನೇದು' ಎಂದರೂ ತಪ್ಪಲ್ಲ. ಹಾಗೆಯೇ ಒಂದೇ ಬೈಟಿಗೆ 4,096ರವರೆಗೆ ಬೇರೆ ಬೇರೆ ಸೆಗ್ಮೆಂಟ್-ಆಫ್‌ಸೆಟ್ ಜೋಡಿಗಳಿರಬಹುದು. ಪ್ರಾಸೆಸರ್ ಹೀಗೆ ನಡೆಯುವ ಸ್ಥಿತಿಗೆ ರಿಯಲ್ ಮೋಡ್ ಎನ್ನುತ್ತಾರೆ. ಇಂದಿನ ಪಿಸಿ ಪ್ರಾಸೆಸರ್ ಕೂಡ ಪವರ್ ಕೊಟ್ಟ ಕೂಡಲೇ ಕಣ್ಣು ಬಿಡುವುದು ಇದೇ ಸ್ಥಿತಿಯಲ್ಲಿ. ಇದನ್ನೆಲ್ಲ ಕಿತ್ತುಹಾಕುವ ಎಕ್ಸ್86-ಎಸ್ ಎಂಬ ಪ್ರಸ್ತಾವವನ್ನು ಇಂಟೆಲ್ 2023ರಲ್ಲಿ ಮುಂದಿಟ್ಟು, 2024ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು.

## ಸ್ಕೂಟರಿನ ಮೀಟರು ಮತ್ತು ಎ20 ಗೇಟು

ಈಗ ಒಂದು ಲೆಕ್ಕ ಹಾಕೋಣ. ಸೆಗ್ಮೆಂಟ್ 65,535 ಎಂದುಕೊಳ್ಳಿ. 16ರಿಂದ ಗುಣಿಸಿದರೆ 10,48,560. ಆಫ್‌ಸೆಟ್ 16 ಕೂಡಿಸಿದರೆ 10,48,576. ಇದು ಕೊನೆಯ ಡಬ್ಬಿಯ ಆಚೆಗಿನ ಸಂಖ್ಯೆ, ಬರೆಯಲು 21 ಬಿಟ್ ಬೇಕು. 8086ರಲ್ಲಿ ಇರುವುದು 20 ತಂತಿ. ಹಳೆಯ ಸ್ಕೂಟರಿನ ಮೀಟರು 99999 ದಾಟಿದ ಮೇಲೆ 00000ಕ್ಕೆ ಬಂದು ನಿಲ್ಲುವ ಹಾಗೆ, ಈ ವಿಳಾಸವೂ ಸುತ್ತಿ ಬಂದು ಸೊನ್ನೆಯ ಡಬ್ಬಿಯನ್ನೇ ತಟ್ಟುತ್ತದೆ.

ಇದು ಮಿತಿ. ಆದರೆ ಮಿತಿಯನ್ನೇ ಅನುಕೂಲ ಮಾಡಿಕೊಂಡ ಪ್ರೋಗ್ರಾಂಗಳು ಹುಟ್ಟಿದವು. ಡಾಸ್ ಅಂತೂ ಪ್ರತಿ ಪ್ರೋಗ್ರಾಂನ ತಲೆಭಾಗದಲ್ಲಿ, ಹಿಂದಿನ ಸಿಪಿ/ಎಂ ವ್ಯವಸ್ಥೆಯ ಪ್ರೋಗ್ರಾಂಗಳ ಅನುಕೂಲಕ್ಕೆಂದು, ಒಂದು ಜಿಗಿತದ ಆದೇಶ ಬರೆದಿಡುತ್ತಿತ್ತು. ಅದರ ಸೆಗ್ಮೆಂಟ್ 61,469, ಆಫ್‌ಸೆಟ್ 65,264. ಗುಣಿಸಿ ಕೂಡಿಸಿ: 10,48,768. ಒಂದು ಎಂಬಿಗಿಂತ 192 ಹೆಚ್ಚು. ಸುತ್ತಿ ಬಂದಾಗ ಅದು ಬೀಳುವುದು 192ನೇ ಡಬ್ಬಿಯ ಮೇಲೆ, ಡಾಸ್ ತನ್ನ ಬಾಗಿಲು ಇಟ್ಟದ್ದೂ ಸರಿಯಾಗಿ ಅಲ್ಲೇ. ಅಂದರೆ ಮೀಟರು ಸುತ್ತದಿದ್ದರೆ ಈ ಜಿಗಿತ ಬಾಗಿಲು ತಪ್ಪಿ ಎಲ್ಲೋ ಬೀಳುತ್ತದೆ.

1982ರ 80286 ಪ್ರಾಸೆಸರ್‌ಗೆ 24 ತಂತಿಗಳು ಬಂದವು, 16 ಎಂಬಿವರೆಗೆ ಕೈ ಚಾಚಿತು. ಮೀಟರಿಗೆ ಹೊಸ ಅಂಕಿಯ ಮನೆ ಸೇರಿದಂತಾಯಿತು. 10,48,576 ಎಂಬುದು ಈಗ ಸೊನ್ನೆಯಲ್ಲ, ನಿಜವಾಗಿಯೂ ಇರುವ ಇನ್ನೊಂದು ಡಬ್ಬಿ. ಹಳೆಯ ಪ್ರೋಗ್ರಾಂಗಳು ಎಡವುತ್ತವೆ ಎಂದು ಗೊತ್ತಾಗಿ, ಐಬಿಎಂ 1984ರ ಪಿಸಿ/ಎಟಿಯಲ್ಲಿ ಆ ಹೊಸ ಅಂಕಿಯ ಮೇಲೆ ಟೇಪು ಹಚ್ಚುವಂಥ ಕೆಲಸ ಮಾಡಿತು. 21ನೇ ತಂತಿಯ ಹೆಸರು ಎ20, ಏಕೆಂದರೆ ಎಣಿಕೆ ಸೊನ್ನೆಯಿಂದ ಶುರು. ಆ ತಂತಿಗೆ ಒಂದು ಗೇಟು ಹಾಕಿದರು. ಗೇಟು ಮುಚ್ಚಿದರೆ ತಂತಿಯಲ್ಲಿ ಯಾವಾಗಲೂ ಸೊನ್ನೆ, ಯಂತ್ರ ಹಳೆಯ 8086ರಂತೆ ಸುತ್ತುತ್ತದೆ. ತೆರೆದರೆ ಪೂರ್ತಿ ಮೆಮೊರಿ ಸಿಗುತ್ತದೆ. ಗೇಟನ್ನು ಯಾವುದಕ್ಕೆ ಜೋಡಿಸಿದರು ಎಂದು ಕೇಳಿದರೆ ನಗು ಬರಬಹುದು: ಕೀಬೋರ್ಡ್ ನೋಡಿಕೊಳ್ಳುವ 8042 ಚಿಪ್ಪಿಗೆ. ಅದರಲ್ಲಿ ಒಂದು ಪಿನ್ ಖಾಲಿ ಇತ್ತು, ಅಷ್ಟೇ ಕಾರಣ. ಕೀಬೋರ್ಡ್ ಚಿಪ್ಪು ನಿಧಾನವಾದ್ದರಿಂದ ಮುಂದೆ 92 ಎಂಬ ಹೆಕ್ಸ್ (16ರ ಎಣಿಕೆಯ) ಸಂಖ್ಯೆಯ ಪೋರ್ಟಿನಿಂದಲೂ ಗೇಟು ತೆರೆಯುವ ವೇಗದ ದಾರಿ ಬಂತು.

ಗೇಟು ಮುಚ್ಚಿದಾಗ ಏಟು ಬೀಳುವುದು ಒಂದು ಎಂಬಿಯ ಗಡಿಗೆ ಮಾತ್ರ ಅಲ್ಲ, ಇದನ್ನು ಬಹಳ ಜನ ಗಮನಿಸುವುದಿಲ್ಲ. ವಿಳಾಸದ ಆ ಒಂದು ಬಿಟ್ ಎಲ್ಲ ಕಡೆ ಸೊನ್ನೆಯಾಗುತ್ತದೆ. ಎರಡನೇ ಎಂಬಿ ಕೇಳಿದರೆ ಮೊದಲನೆಯದು ಬರುತ್ತದೆ, ನಾಲ್ಕನೆಯದು ಕೇಳಿದರೆ ಮೂರನೆಯದು. ಒಂದು ಬಿಟ್ಟು ಒಂದು ಎಂಬಿ ಮಾಯ. ಎಮ್ಯುಲೇಟರ್ ಬರೆಯುವವರು 'ಮೊದಲ 64 ಕೆಬಿಯ ನಕಲನ್ನು ಒಂದು ಎಂಬಿಯ ಮೇಲೆ ಇಟ್ಟರೆ ಸಾಕು' ಎಂದುಕೊಂಡರೆ ಅರ್ಧ ಕೆಲಸ ಮಾತ್ರ ಆಗಿರುತ್ತದೆ.

ಗೇಟು ತೆರೆದಾಗ ರಿಯಲ್ ಮೋಡ್‌ನಲ್ಲೇ ಎಟುಕುವ ಹೆಚ್ಚುವರಿ ಜಾಗ 65,520 ಬೈಟ್. ಇದಕ್ಕೆ ಹೈ ಮೆಮೊರಿ ಏರಿಯಾ ಎಂದು ಹೆಸರು. 1991ರ ಎಂಎಸ್-ಡಾಸ್ 5.0 ತನ್ನ ದೊಡ್ಡ ಭಾಗವನ್ನೇ ಅಲ್ಲಿಗೆ ಸಾಗಿಸಿಕೊಂಡು, ಕೆಳಗೆ ಪ್ರೋಗ್ರಾಂಗಳಿಗೆ ಜಾಗ ಬಿಟ್ಟುಕೊಟ್ಟಿತು. ಆಗ ಹೊಸ ತಕರಾರು ಹುಟ್ಟಿತು. ಎಕ್ಸ್‌ಇಪ್ಯಾಕ್ (EXEPACK) ಎಂಬ ಸಾಧನದಿಂದ ಕುಗ್ಗಿಸಿದ ಪ್ರೋಗ್ರಾಂಗಳು ತಮ್ಮನ್ನು ಬಿಚ್ಚಿಕೊಳ್ಳುವಾಗ ವಿಳಾಸ ಸುತ್ತಿ ಬರುತ್ತದೆ ಎಂದೇ ನಂಬಿದ್ದವು. ಕೆಳಗಿನ 64 ಕೆಬಿಯಲ್ಲಿ ಜಾಗ ಸಿಕ್ಕಿ, ಎ20 ತೆರೆದಿದ್ದರೆ, 'ಪ್ಯಾಕ್ಡ್ ಫೈಲ್ ಈಸ್ ಕರಪ್ಟ್' ಎಂದು ಹೇಳಿ ನಿಂತುಬಿಡುತ್ತಿದ್ದವು. ಫೈಲು ಕೆಟ್ಟಿರುವುದಿಲ್ಲ, ಕೂತ ಜಾಗ ಸರಿ ಇರುವುದಿಲ್ಲ. ಮೈಕ್ರೋಸಾಫ್ಟ್ ಇದಕ್ಕೆಂದೇ ಲೋಡ್‌ಫಿಕ್ಸ್ ಎಂಬ ಕಮ್ಯಾಂಡ್ ಕೊಟ್ಟಿತು. ಪ್ರೋಗ್ರಾಂನ ಹೆಸರಿಗೆ ಮೊದಲು ಅದನ್ನು ಸೇರಿಸಿದರೆ, ಪ್ರೋಗ್ರಾಂ 64 ಕೆಬಿಯ ಮೇಲೆ ಲೋಡ್ ಆಗುತ್ತದೆ. ಇಂದು ಎಮ್ಯುಲೇಟರ್‌ನಲ್ಲಿ ಈ ಸಂದೇಶ ಕಂಡರೂ ಮೊದಲು ಮಾಡಬೇಕಾದದ್ದು ಇದನ್ನೇ. ಹಳೆಯ ಹಾರ್ಡ್ ಡಿಸ್ಕ್ ಹಾಳಾಗಿದೆ ಎಂದು ಗಾಬರಿಯಾಗುವುದು ಬೇಡ.

## 640 ಕೆಬಿಯ ಆಚೆಗೆ

ಒಂದು ಎಂಬಿಯಲ್ಲಿ ಪ್ರೋಗ್ರಾಂಗಳಿಗೆ ಸಿಗುತ್ತಿದ್ದದ್ದು ಕೆಳಗಿನ 640 ಕೆಬಿ. ಮೇಲಿನ 384 ಕೆಬಿ ಪರದೆಯ ಮೆಮೊರಿ, ಕಾರ್ಡುಗಳ ರಾಮ್ (ROM, ಓದಲು ಮಾತ್ರ ಬರುವ ಮೆಮೊರಿ), ಪಿಸಿಯನ್ನು ಎಬ್ಬಿಸುವ ಪ್ರೋಗ್ರಾಂ ಆದ ಬಯಾಸ್‌ಗೆ ಮೀಸಲು. ಸ್ಪ್ರೆಡ್‌ಶೀಟು ದೊಡ್ಡದಾಗಿ 640 ಸಾಲದೆ ಬಂದಾಗ, 1985ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಸೇರಿ ಇಎಂಎಸ್ ಎಂಬ ಪದ್ಧತಿ ತಂದವು. ಓದುವ ಮೇಜಿನ ಮೇಲೆ ನಾಲ್ಕೇ ಪುಸ್ತಕ ಹಿಡಿಸುತ್ತವೆ, ಬೀರುವಿನಲ್ಲಿ ನೂರಾರು ಇವೆ, ಬೇಕಾದ್ದನ್ನು ತಂದಿಟ್ಟು ಬೇಡದ್ದನ್ನು ಒಳಗಿಡುವುದು: ಅದೇ ಲೆಕ್ಕ. ಮೇಲಿನ ಜಾಗದಲ್ಲಿ 64 ಕೆಬಿಯ ಒಂದು ಕಿಟಕಿ, ಅದರಲ್ಲಿ 16 ಕೆಬಿಯ ನಾಲ್ಕು ಪುಟ. 1985ರಲ್ಲೇ ಬಂದ 80386 ಪ್ರಾಸೆಸರ್‌ನಲ್ಲಿ ಪೇಜಿಂಗ್ (ಮೆಮೊರಿಯನ್ನು ಪುಟಗಳಾಗಿ ಒಡೆದು ಬೇಕಾದ ವಿಳಾಸಕ್ಕೆ ಕೂರಿಸುವುದು) ಇದ್ದುದರಿಂದ, ಬೇರೆ ಕಾರ್ಡಿಲ್ಲದೆ ಇಎಂಎಂ386 ಎಂಬ ಡ್ರೈವರೇ ಈ ಕೆಲಸ ಮಾಡತೊಡಗಿತು. ಅದು ಡಾಸನ್ನು ವರ್ಚುವಲ್-8086 ಎಂಬ ಇನ್ನೊಂದು ಸ್ಥಿತಿಯೊಳಗೆ ಕೂರಿಸಿ, ಹೊರಗಿನಿಂದ ಪುಟಗಳನ್ನು ಬದಲಿಸುತ್ತಿತ್ತು.

32-ಬಿಟ್ ವಿಂಡೋಸ್ ಇಷ್ಟು ವರ್ಷ ಡಾಸ್ ಪ್ರೋಗ್ರಾಂ ಓಡಿಸಿದ್ದೂ ಈ ವರ್ಚುವಲ್-8086 ಸ್ಥಿತಿಯನ್ನು ಬಳಸಿಕೊಂಡೇ. 2003ರಲ್ಲಿ ಎಎಂಡಿ ತಂದ 64-ಬಿಟ್ ಸ್ಥಿತಿಯಲ್ಲಿ ಅದನ್ನು ಬಿಟ್ಟುಬಿಟ್ಟರು. ಆದ್ದರಿಂದ 64-ಬಿಟ್ ವಿಂಡೋಸ್ ತನ್ನೊಳಗೆ ಅದೇ ದಾರಿಯಲ್ಲಿ ಡಾಸ್ ಓಡಿಸಲಾರದು.

ಬಯಾಸ್ ಇರುವ ಜಾಗದ ಒಂದು ಸೂಕ್ಷ್ಮವನ್ನೂ ನೋಡಿ. ರಾಮ್ ಚಿಪ್ಪು ನಿಧಾನ. ಅದಕ್ಕೆ ಅದರ ಪ್ರತಿಯನ್ನು ರ‍್ಯಾಮಿಗೆ ಇಳಿಸಿ ಅಲ್ಲಿಂದ ಓದುತ್ತಿದ್ದರು. ಕ್ಯೂಎಮು ಎಂಬ ಎಮ್ಯುಲೇಟರ್ ತನ್ನ ಸಾಮಾನ್ಯ ಪಿಸಿಗೆ ಅನುಕರಿಸುವ ಇಂಟೆಲ್ 440ಎಫ್‌ಎಕ್ಸ್ ಚಿಪ್‌ಸೆಟ್‌ನಲ್ಲಿ ಇದಕ್ಕೆ 7 ರಿಜಿಸ್ಟರ್‌ಗಳಿದ್ದವು. 16 ಕೆಬಿಯ 12 ತುಂಡು, 64 ಕೆಬಿಯ 1 ತುಂಡು, ಒಟ್ಟು 256 ಕೆಬಿ. ಪ್ರತಿ ತುಂಡಿಗೂ 'ಓದುವುದು ಎಲ್ಲಿಂದ, ಬರೆಯುವುದು ಎಲ್ಲಿಗೆ' ಎಂದು ಬೇರೆ ಬೇರೆ ಹೇಳಬಹುದಿತ್ತು. ರಾಮ್‌ನಿಂದ ಓದು, ರ‍್ಯಾಮಿಗೆ ಬರೆ ಎಂದಿಟ್ಟರೆ ಒಂದೇ ವಿಳಾಸದಲ್ಲಿ ಓದಿ ಬರೆಯುತ್ತ ಪ್ರತಿ ಇಳಿಸಿಬಿಡಬಹುದು. ಈ ಮಿಶ್ರ ಸ್ಥಿತಿಯನ್ನು ಕ್ಯೂಎಮು ಬೇರೆಯಾಗಿ ಅನುಕರಿಸಿಲ್ಲ. ಅದರ ಜೊತೆ ಬರುವ ಸೀಬಯಾಸ್ ಎಂಬ ಬಯಾಸ್‌ಗೆ ಇದರಿಂದ ತೊಂದರೆಯಿಲ್ಲ, ಆದರೆ ಆ ಕಾಲದ ಮೂಲ ಬಯಾಸ್ ಫೈಲನ್ನೇ ತಂದು ಹಾಕುತ್ತೇನೆ ಎನ್ನುವವರು ಕಪ್ಪು ಪರದೆ ನೋಡಲು ತಯಾರಿರಬೇಕು.

## ಎರಡು ದಾರಿ: ಅನುವಾದ ಮತ್ತು ನೇರ ಓಟ

ಕ್ಯೂಎಮುವನ್ನು ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದರು. ಅದು ಹಳೆಯ ಯಂತ್ರವನ್ನು ಎರಡು ರೀತಿ ಓಡಿಸಬಲ್ಲದು. ಇಲ್ಲಿ ಗೆಸ್ಟ್ ಎಂದರೆ ಒಳಗೆ ಓಡುವ ಹಳೆಯ ವ್ಯವಸ್ಥೆ, ಹೋಸ್ಟ್ ಎಂದರೆ ನಿಮ್ಮ ನಿಜವಾದ ಕಂಪ್ಯೂಟರ್.

ಮೊದಲ ದಾರಿಯ ಹೆಸರು ಟಿಸಿಜಿ. ಗೆಸ್ಟಿನ ಆದೇಶಗಳನ್ನು ಸಣ್ಣ ತುಂಡುಗಳಾಗಿ ಓದಿ, ಹೋಸ್ಟ್ ಪ್ರಾಸೆಸರ್‌ನ ಆದೇಶಗಳಿಗೆ ಅನುವಾದಿಸಿ, ಆ ಅನುವಾದವನ್ನು ಇಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತದೆ. ಇಲ್ಲಿ ಪ್ರತಿ ವಿಳಾಸವೂ ಸಾಫ್ಟ್‌ವೇರ್‌ನ ಕೈ ದಾಟಿಯೇ ಹೋಗಬೇಕು. ಹಾಗಾಗಿ ಎ20 ಗೇಟಿನಂಥದ್ದನ್ನು ಅನುಕರಿಸುವುದು ಹೇಳುವಷ್ಟರ ಮಟ್ಟಿಗೆ ಸುಲಭ: 21ನೇ ಬಿಟ್ ಮಾತ್ರ ಸೊನ್ನೆ, ಉಳಿದೆಲ್ಲ ಒಂದು ಇರುವ ಮುಸುಕೊಂದನ್ನು ಇಟ್ಟುಕೊಂಡು ಭೌತಿಕ ವಿಳಾಸಕ್ಕೆ ಹೊದಿಸಿದರಾಯಿತು.

ಮಾಡುವಾಗ ಅಷ್ಟು ಸುಲಭವಲ್ಲ. ವಿಳಾಸವನ್ನು ಪ್ರತಿ ಸಲ ಲೆಕ್ಕ ಹಾಕುತ್ತ ಕೂತರೆ ಓಟ ತೆವಳುತ್ತದೆ. ಗೋದಾಮಿನ ಹುಡುಗ ಯಾವ ಮಾಲು ಯಾವ ರ‍್ಯಾಕಿನಲ್ಲಿದೆ ಎಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುವ ಹಾಗೆ, ಟಿಸಿಜಿಯೂ 4 ಕೆಬಿಯ ಒಂದೊಂದು ಪುಟ ಎಲ್ಲಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ಈ ಚೀಟಿಗೆ ಟಿಎಲ್‌ಬಿ ಎನ್ನುತ್ತಾರೆ, ನಿಜವಾದ ಪ್ರಾಸೆಸರ್‌ನಲ್ಲೂ ಇದು ಇರುತ್ತದೆ. ಗೆಸ್ಟ್ ಎ20 ಗೇಟನ್ನು ಮುಚ್ಚಿದ ಕ್ಷಣ ಗೋದಾಮಿನ ರ‍್ಯಾಕುಗಳೆಲ್ಲ ಅದಲುಬದಲು, ಚೀಟಿ ಪೂರ್ತಿ ಸುಳ್ಳು. ಆದ್ದರಿಂದ ಕ್ಯೂಎಮು ಗೇಟು ಬದಲಾದ ಪ್ರತಿ ಸಲವೂ ಇಡೀ ಟಿಎಲ್‌ಬಿಯನ್ನು ಖಾಲಿ ಮಾಡುತ್ತದೆ. ಮುಸುಕು ಹೊದಿಸುವ ಹಂತವೂ ಮುಖ್ಯ. ಪೇಜಿಂಗ್ ಮುಗಿದು ಭೌತಿಕ ವಿಳಾಸ ಸಿಕ್ಕ ಮೇಲೆ ಹೊದಿಸಬೇಕು, ಮೊದಲೇ ಹೊದಿಸಿದರೆ ತಪ್ಪು ಪುಟ ಸಿಗುತ್ತದೆ. ಇಷ್ಟು ವರ್ಷ ಪಳಗಿದ ಕ್ಯೂಎಮುವಿನಲ್ಲೂ ಈ ಮುಸುಕು ಬೇಡದ ಕಡೆ ಬಿದ್ದಿದ್ದನ್ನು ತಿದ್ದಬೇಕಾಯಿತು.

ಎರಡನೇ ದಾರಿ ಕೆವಿಎಂ. 2007ರ ಫೆಬ್ರವರಿಯಲ್ಲಿ ಲಿನಕ್ಸ್ 2.6.20ರ ಜೊತೆ ಬಂತು. ಇಲ್ಲಿ ಅನುವಾದವಿಲ್ಲ. ಗೆಸ್ಟಿನ ಆದೇಶಗಳನ್ನು ಹೋಸ್ಟ್ ಪ್ರಾಸೆಸರೇ ನೇರವಾಗಿ ಓಡಿಸುತ್ತದೆ, ತಾನೇ ನಡೆಸಲಾಗದ್ದು ಎದುರಾದಾಗ ಮಾತ್ರ ಕೆವಿಎಂಗೆ ಒಪ್ಪಿಸುತ್ತದೆ. ಗೆಸ್ಟಿನ ಭೌತಿಕ ವಿಳಾಸವನ್ನು ಹೋಸ್ಟಿನ ವಿಳಾಸಕ್ಕೆ ತಿರುಗಿಸುವ ಎರಡನೇ ಹಂತದ ಪಟ್ಟಿಯನ್ನೂ ಪ್ರಾಸೆಸರೇ ನೋಡಿಕೊಂಡು ಹೋಗುತ್ತದೆ. ಹೋಸ್ಟ್ 64-ಬಿಟ್ ಆಗಿದ್ದರೂ ಗೆಸ್ಟ್ ತನ್ನ ಕೋಣೆಯೊಳಗೆ ವರ್ಚುವಲ್-8086 ಸ್ಥಿತಿಯನ್ನು ಬಳಸಬಹುದು. ಇಎಂಎಂ386 ಇಲ್ಲಿ ಓಡುವುದು ಇದರಿಂದಲೇ. ವೇಗ ಬಹುತೇಕ ಹೋಸ್ಟಿನದೇ ವೇಗ.

ಹಾಗಿದ್ದರೆ ಎಲ್ಲರೂ ಕೆವಿಎಂ ಬಳಸಿದರಾಗದೇ ಎಂದು ಕೇಳಬಹುದು.

## ಯಾವುದು ಎಲ್ಲಿ ನಿಖರ

ಕೆವಿಎಂ ಎ20 ಗೇಟನ್ನು ಮುಚ್ಚುವುದೇ ಇಲ್ಲ. ಸದಾ ತೆರೆದಿದೆ ಎಂಬಂತೆ ನಡೆಯುತ್ತದೆ. ಗೆಸ್ಟಿನ ವಿಳಾಸಗಳು ಸಾಫ್ಟ್‌ವೇರ್ ಕೈಗೆ ಬರುವುದೇ ಇಲ್ಲವಲ್ಲ, ಮುಸುಕು ಹೊದಿಸುವವರು ಯಾರು? ಬೇಕೆಂದರೆ ಎರಡನೇ ಹಂತದ ಪಟ್ಟಿಯಲ್ಲಿ ಒಂದು ಬಿಟ್ಟು ಒಂದು ಎಂಬಿಯನ್ನು ಹಿಂದಿನದರ ಮೇಲೆ ಕೂರಿಸಬೇಕು, ಗೇಟು ಬದಲಾದಾಗಲೆಲ್ಲ ಪಟ್ಟಿಯನ್ನು ಮತ್ತೆ ಬರೆಯಬೇಕು. ಡಾಸ್ ಕೆಲವೊಮ್ಮೆ ಪದೇ ಪದೇ ಗೇಟು ಮುಟ್ಟುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಉಚಿತವಾಗಿ ಸಿಗುವ ಡಾಸ್ ಆದ ಫ್ರೀಡಾಸನ್ನು, ಒಂದು ಎಂಬಿಯ ಮೇಲಿನ ಮೆಮೊರಿ ನೋಡಿಕೊಳ್ಳುವ ಹೈಮೆಮ್ ಡ್ರೈವರ್ ಇಲ್ಲದೆ ಬೂಟ್ ಮಾಡಿ (ಡಾಸ್ ಮೇಲಿನ ಜಾಗದಲ್ಲಿ ಕೂತಿದ್ದರೆ ಗೇಟು ಮುಚ್ಚಿದ ತಕ್ಷಣ ಕುಸಿಯುತ್ತದೆ). ಮೆಮೊರಿಯನ್ನು ತೆರೆದು ತೋರಿಸುವ ಡಿಬಗ್ ಪ್ರೋಗ್ರಾಂ ಓಡಿಸಿ, ಔಟ್‌ಪುಟ್ ಆದೇಶದಿಂದ 92ನೇ ಪೋರ್ಟಿಗೆ 0 ಬರೆಯಿರಿ. ಆಮೇಲೆ ಸೆಗ್ಮೆಂಟ್ 0, ಆಫ್‌ಸೆಟ್ 0ರಿಂದ ಒಂದು ಸಲ, ಸೆಗ್ಮೆಂಟ್ ನಾಲ್ಕು ಎಫ್, ಆಫ್‌ಸೆಟ್ 10ರಿಂದ ಇನ್ನೊಂದು ಸಲ ಡಂಪ್ ತೆಗೆಯಿರಿ. ಡಿಬಗ್‌ನಲ್ಲಿ ಸಂಖ್ಯೆಗಳೆಲ್ಲ ಹೆಕ್ಸ್, ಆ 10 ಎಂದರೆ ನಮ್ಮ 16. ಟಿಸಿಜಿಯಲ್ಲಿ ಎರಡೂ ಡಂಪ್ ಒಂದೇ ಇರುತ್ತವೆ, ಕೆವಿಎಂನಲ್ಲಿ ಬೇರೆ ಬೇರೆ. ಕ್ಯೂಎಮು ಮಾನಿಟರಿನಲ್ಲಿ ರಿಜಿಸ್ಟರ್‌ಗಳ ಮಾಹಿತಿ ಕೇಳಿದರೆ ಎ20ರ ಮುಂದೆ 0 ಅಥವಾ 1 ಕಾಣುತ್ತದೆ. ಕೆವಿಎಂ ಓಡುತ್ತಿರುವಾಗ ಆ ಅಂಕಿಯನ್ನು ನಂಬಬೇಡಿ. ಅದು ಕ್ಯೂಎಮು ಬರೆದಿಟ್ಟುಕೊಂಡ ಲೆಕ್ಕ ಮಾತ್ರ, ಪ್ರಾಸೆಸರ್ ಅದರಂತೆ ನಡೆಯುತ್ತಿಲ್ಲ.

ಹೈಮೆಮ್ ಬೂಟ್ ಆಗುವಾಗ 'ಎ20 ಲೈನ್ ಆಗಲೇ ತೆರೆದಿತ್ತು' ಎಂಬ ಎಚ್ಚರಿಕೆ ಕೊಟ್ಟರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 'ಎ20 ಲೈನನ್ನು ನಿಯಂತ್ರಿಸಲಾಗುತ್ತಿಲ್ಲ' ಎಂದರೆ ಮಾತ್ರ ಮೇಲಿನ ಮೆಮೊರಿ ಸಿಗುವುದಿಲ್ಲ. ಆಗ ಹೈಮೆಮ್ ಸಾಲಿಗೆ ಮಷೀನ್ ಸಂಖ್ಯೆಯ ಆಯ್ಕೆ ಸೇರಿಸಿ ಬೇರೆ ಬೇರೆ ಸಂಖ್ಯೆಗಳನ್ನು ಪ್ರಯತ್ನಿಸಬೇಕು.

ಇನ್ನೊಂದು ವಿಷಯದಲ್ಲಿ ತಕ್ಕಡಿ ಆ ಕಡೆ ವಾಲುತ್ತದೆ. ಸೆಗ್ಮೆಂಟಿಗೆ ಆರಂಭ ಇರುವಂತೆ ಮಿತಿಯೂ ಉಂಟು. ಮಿತಿ ದಾಟಿ ಓದಲು ಹೋದರೆ ಪ್ರಾಸೆಸರ್ ತಡೆಯಬೇಕು. ಟಿಸಿಜಿ ವೇಗದ ಆಸೆಗೆ ಪ್ರತಿ ಸಲವೂ ಈ ಮಿತಿಯನ್ನು ನೋಡುವುದಿಲ್ಲ, ಕ್ಯೂಎಮುವಿನ ದಾಖಲೆಗಳೇ ಇದನ್ನು ಒಪ್ಪಿಕೊಂಡಿವೆ. ಕೆವಿಎಂನಲ್ಲಿ ನಿಜವಾದ ಪ್ರಾಸೆಸರೇ ಕಾವಲಿಗಿರುವುದರಿಂದ ತಪ್ಪದೆ ತಡೆಯುತ್ತದೆ.

ಈ ಸಡಿಲಿನಿಂದ ಟಿಸಿಜಿಗೆ ಲಾಭವೂ ಆಗಿದೆ. 386 ಕಾಲದ ಚಾಣಾಕ್ಷರು ಅನ್‌ರಿಯಲ್ ಮೋಡ್ ಎಂಬುದನ್ನು ಕಂಡುಹಿಡಿದಿದ್ದರು. ಪ್ರಾಸೆಸರ್ ಸೆಗ್ಮೆಂಟಿನ ಮಿತಿಯನ್ನು ಕಣ್ಣಿಗೆ ಕಾಣದ ಒಂದು ಒಳಗಿನ ಮನೆಯಲ್ಲಿ ಇಟ್ಟುಕೊಳ್ಳುತ್ತದೆ. ಒಮ್ಮೆ ಪ್ರೊಟೆಕ್ಟೆಡ್ ಮೋಡ್ ಎಂಬ, ಸೆಗ್ಮೆಂಟಿನ ಮಿತಿ ಬದಲಿಸಬಹುದಾದ ಸ್ಥಿತಿಗೆ ಹೋಗಿ ಆ ಮಿತಿಯನ್ನು 4 ಜಿಬಿಗೆ ಏರಿಸಿ ರಿಯಲ್ ಮೋಡಿಗೆ ವಾಪಸ್ ಬಂದರೆ, ಮಿತಿ 64 ಕೆಬಿಗೆ ಇಳಿಯದೆ ಹಾಗೆಯೇ ಉಳಿಯುತ್ತದೆ. ಡಾಸ್‌ನಲ್ಲಿ ಇದ್ದುಕೊಂಡೇ ಪೂರ್ತಿ ಮೆಮೊರಿ ಮುಟ್ಟಬಹುದು. ಮಿತಿಯನ್ನೇ ನೋಡದ ಟಿಸಿಜಿಯಲ್ಲಿ ಇದು ತಾನಾಗಿಯೇ ನಡೆಯುತ್ತದೆ. ಕೆವಿಎಂ ಮೊದಲ ವರ್ಷಗಳಲ್ಲಿ ಇದರಿಂದ ಬಹಳ ಪಾಡು ಪಟ್ಟಿತು. ಗೆಸ್ಟನ್ನು ನೇರವಾಗಿ ಓಡಿಸಲು ಕೆವಿಎಂ ಬಳಸುವ ಇಂಟೆಲ್‌ನ 2005ರ ವಿಟಿ-ಎಕ್ಸ್ ಸೌಲಭ್ಯ, ಗೆಸ್ಟಿನಲ್ಲಿ ಪ್ರೊಟೆಕ್ಟೆಡ್ ಮೋಡ್, ಪೇಜಿಂಗ್ ಎರಡೂ ಇದ್ದರೆ ಮಾತ್ರ ಓಡಿಸುತ್ತಿತ್ತು. ರಿಯಲ್ ಮೋಡನ್ನು ವರ್ಚುವಲ್-8086ರ ವೇಷ ಹಾಕಿ ಓಡಿಸಬೇಕಿತ್ತು, ಆ ವೇಷದಲ್ಲಿ ಮಿತಿ ಕಡ್ಡಾಯವಾಗಿ 64 ಕೆಬಿ. ಲಿನಕ್ಸ್ ಇನ್‌ಸ್ಟಾಲ್ ಡಿಸ್ಕುಗಳ ಚಿತ್ರವಿರುವ ಬೂಟ್ ಪರದೆಗಳೇ ಆಗ ನಿಂತುಹೋಗುತ್ತಿದ್ದವು. 2010ರ ವೆಸ್ಟ್‌ಮಿಯರ್ ಪೀಳಿಗೆಯಲ್ಲಿ 'ಅನ್‌ರಿಸ್ಟ್ರಿಕ್ಟೆಡ್ ಗೆಸ್ಟ್' ಬಂದ ಮೇಲೆ ರಿಯಲ್ ಮೋಡ್ ನೇರವಾಗಿ ಓಡತೊಡಗಿತು. ನಿಮ್ಮ ಲಿನಕ್ಸ್ ಯಂತ್ರದ ಸಿಸ್ ಫೋಲ್ಡರಿನಲ್ಲಿ ಕೆವಿಎಂ-ಇಂಟೆಲ್ ಮಾಡ್ಯೂಲಿನ ಪ್ಯಾರಾಮೀಟರ್‌ಗಳಲ್ಲಿ ಇದೇ ಹೆಸರಿನ ಫೈಲಿದೆ. ಅದರಲ್ಲಿ 'ವೈ' ಇದ್ದರೆ ಇದೆ ಎಂದರ್ಥ.

ಎರಡೂ ಕಡೆ ನಿಖರತೆ ಬೇಕೆಂದರೆ ಬಾಕ್ಸ್ ಎಂಬ ಎಮ್ಯುಲೇಟರ್ ಇದೆ (ಹುಡುಕುವಾಗ ಬಿ-ಓ-ಸಿ-ಎಚ್-ಎಸ್ ಎಂದು ಬರೆಯಬೇಕು). ಆದೇಶಗಳನ್ನು ಒಂದೊಂದಾಗಿ ಓದಿ ನಡೆಸುತ್ತದೆ, ಗೇಟನ್ನೂ ನೋಡುತ್ತದೆ, ಮಿತಿಯನ್ನೂ ನೋಡುತ್ತದೆ. ಬೆಲೆ ತೆರುವುದು ವೇಗದಲ್ಲಿ.

## ವಿಂಡೋಸ್ 98ರ ಗುಟ್ಟು

ವಿಂಡೋಸ್ 95, 98 ಓಡಿಸುವವರಿಗೆ ಬೇರೆಯದೇ ಕಾಟ. ಮೆಮೊರಿಯ ಪಟ್ಟಿ ಬದಲಿಸಿದ ಮೇಲೆ ಕೆಲವು ಕಡೆ ಟಿಎಲ್‌ಬಿಯ ಹಳೆಯ ಚೀಟಿಯನ್ನು ಹರಿದುಹಾಕಲು ಈ ವಿಂಡೋಸ್‌ಗಳು ಮರೆಯುತ್ತವೆ. ಆ ಕಾಲದ ಪ್ರಾಸೆಸರ್‌ನಲ್ಲಿ ಟಿಎಲ್‌ಬಿ ಚಿಕ್ಕದು, ಚೀಟಿ ಬೇಗ ತಾನಾಗಿಯೇ ಕಳೆದುಹೋಗುತ್ತಿತ್ತು, ತಪ್ಪು ಕಾಣುತ್ತಿರಲಿಲ್ಲ. ಎಎಂಡಿಯ ಜೆನ್ 2, ಇಂಟೆಲ್‌ನ 11ನೇ ಪೀಳಿಗೆ ಮತ್ತು ಆಮೇಲಿನ ಪ್ರಾಸೆಸರ್‌ಗಳಲ್ಲಿ ಕೆವಿಎಂ ಅಥವಾ ವರ್ಚುವಲ್‌ಬಾಕ್ಸ್ ಒಳಗೆ ಇದೇ ವಿಂಡೋಸ್ ಇನ್‌ಸ್ಟಾಲ್ ಮಾಡಲು ಹೋದರೆ, ಕಾರಣವಿಲ್ಲದ ಎರರ್‌ಗಳು ಸಾಲಾಗಿ ಬರುತ್ತವೆ. ಎಮ್ಯುಲೇಟರ್ ತಪ್ಪು ಮಾಡಿಲ್ಲ, ಹಳೆಯ ತಪ್ಪು ಈಗ ಬೆಳಕಿಗೆ ಬಂದಿದೆ. ಪ್ಯಾಚರ್9ಎಕ್ಸ್ ಎಂಬ ಮುಕ್ತ ಸಾಧನದಿಂದ ಇನ್‌ಸ್ಟಾಲ್ ಫೈಲುಗಳನ್ನು ತಿದ್ದಿಕೊಳ್ಳಬಹುದು, ಇಲ್ಲವೇ ಟಿಸಿಜಿಯಲ್ಲಿ ಓಡಿಸಬಹುದು. ವರ್ಚುವಲ್‌ಬಾಕ್ಸ್‌ನಲ್ಲಿ ಆ ಎರಡನೇ ಆಯ್ಕೆ ಇಲ್ಲ, 6.1 ಆವೃತ್ತಿಯಿಂದ ಅದು ನೇರ ಓಟವನ್ನು ಮಾತ್ರ ಇಟ್ಟುಕೊಂಡಿದೆ. ರ‍್ಯಾಮ್ 256 ಎಂಬಿ ಕೊಡಿ. 512 ದಾಟಿದರೆ ಫೈಲ್ ಕ್ಯಾಶ್ ಉಬ್ಬಿ ವಿಂಡೋಸ್ 98 'ಮೆಮೊರಿ ಸಾಲದು' ಎನ್ನುವ ವಿಚಿತ್ರವಿದೆ.

## ಕೆಲಸಕ್ಕೆ ಇಳಿಯುವಾಗ

ಬರೀ ಡಾಸ್ ಪ್ರೋಗ್ರಾಂ ಆದರೆ ಕೆವಿಎಂ ವೇಗ ಬೇಕಾಗಿಯೇ ಇಲ್ಲ. 33 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದುದಕ್ಕೆ ಟಿಸಿಜಿ ಧಾರಾಳವಾಯಿತು. ಕ್ಯೂಎಮುವಿನ ಆಕ್ಸಿಲರೇಟರ್ ಆಯ್ಕೆಯಲ್ಲಿ ಟಿಸಿಜಿ, ಸಿಪಿಯು 486, ಮೆಮೊರಿ 16 ಎಂಬಿ, ಇಷ್ಟರಿಂದ ಶುರು ಮಾಡಿ. ಡಾಸ್‌ಬಾಕ್ಸ್ ಇನ್ನೂ ಸುಲಭ, ಡಾಸ್ ಅದರೊಳಗೇ ಇದೆ, ಇಎಂಎಸ್, ಎಕ್ಸ್‌ಎಂಎಸ್ (ಒಂದು ಎಂಬಿಯ ಮೇಲಿನ ಮೆಮೊರಿ ಬಳಸುವ ಪದ್ಧತಿ) ಎರಡೂ ಸಿದ್ಧವಾಗಿರುತ್ತವೆ. ಆದರೆ ಅದು ಆಟಗಳಿಗಾಗಿ ಕಟ್ಟಿದ್ದು. ಲೆಡ್ಜರ್‌ನಂಥ ಡೇಟಾ ಇದ್ದು, ಹಲವರು ಒಂದೇ ಫೈಲ್ ತೆರೆಯುವುದಿದ್ದರೆ ಫ್ರೀಡಾಸ್ ಹಾಕಿದ ಕ್ಯೂಎಮು ಮೇಲು. ನಿರ್ದಿಷ್ಟ ಮದರ್‌ಬೋರ್ಡಿನ ಗುಣವೇ ಬೇಕಾದರೆ 86ಬಾಕ್ಸ್ ನೋಡಬಹುದು, ಅದಕ್ಕೆ ಹೋಸ್ಟ್ ಪ್ರಾಸೆಸರ್ ಚುರುಕಾಗಿರಬೇಕು.

ಮೊದಲು ಹಳೆಯ ಡಿಸ್ಕಿನ ಪೂರ್ತಿ ಇಮೇಜ್ ತೆಗೆಯಿರಿ. ಐಡಿಇ-ಯುಎಸ್‌ಬಿ ಅಡಾಪ್ಟರ್ ಹಾಕಿ ಡಿಡಿರೆಸ್ಕ್ಯೂನಿಂದ ತೆಗೆದರೆ ಕೆಟ್ಟ ಸೆಕ್ಟರುಗಳಿದ್ದರೂ ಉಳಿದದ್ದು ಬರುತ್ತದೆ. ಫೈಲುಗಳನ್ನು ಮಾತ್ರ ಕಾಪಿ ಮಾಡಿದರೆ, ಡಿಸ್ಕಿನ ಅಡಗಿದ ಸೆಕ್ಟರಿನಲ್ಲಿ ಲೈಸೆನ್ಸ್ ಗುರುತು ಇಟ್ಟ ಪ್ರೋಗ್ರಾಂಗಳು ಓಡುವುದಿಲ್ಲ. ಇಮೇಜ್ ಬೂಟ್ ಆಗದೆ 'ಆಪರೇಟಿಂಗ್ ಸಿಸ್ಟಂ ಸಿಗುತ್ತಿಲ್ಲ' ಎಂದರೆ ಸಿಲಿಂಡರ್-ಹೆಡ್-ಸೆಕ್ಟರ್ ಲೆಕ್ಕ ಹೊಂದಿಲ್ಲ ಎಂದು ಊಹಿಸಿ. ಹಳೆಯ ಬಯಾಸ್ ಪರದೆಯಲ್ಲಿದ್ದ ಆ ಮೂರು ಸಂಖ್ಯೆಗಳನ್ನು ಪಿಸಿ ಸಾಯುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿದ್ದರೆ, ಕ್ಯೂಎಮುವಿನ ಡಿಸ್ಕ್ ಆಯ್ಕೆಯಲ್ಲಿ ಅವನ್ನೇ ಕೊಡಬಹುದು.

ಬೂಟ್ ಆದ ಮೇಲೆ ಮೆಮ್ ಕಮ್ಯಾಂಡಿಗೆ ಸ್ಲ್ಯಾಶ್ ಸಿ ಸೇರಿಸಿ ಓಡಿಸಿ, 640ರಲ್ಲಿ ಎಷ್ಟು ಉಳಿದಿದೆ ನೋಡಿ. ಕಡಿಮೆ ಇದ್ದರೆ ಫ್ರೀಡಾಸ್‌ನಲ್ಲಿ ಜೆಮ್ಎಕ್ಸ್ ಡ್ರೈವರ್ ಹಾಕಿ ಉಳಿದ ಡ್ರೈವರ್‌ಗಳನ್ನು ಮೇಲಕ್ಕೆ ಕಳಿಸಬಹುದು. ಪ್ರೋಗ್ರಾಂ ತೆರೆದ ಕೂಡಲೇ 'ರನ್‌ಟೈಮ್ ಎರರ್ 200' ಬಂದರೆ ಅದು ಮೆಮೊರಿಯ ದೋಷವಲ್ಲ. ಟರ್ಬೋ ಪ್ಯಾಸ್ಕಲ್‌ನ ಕಾಯುವ ಲೆಕ್ಕ ವೇಗದ ಪ್ರಾಸೆಸರ್‌ನಲ್ಲಿ ಉಕ್ಕಿ ಹರಿದಿದೆ, ಅದಕ್ಕೆ ಬೇರೆ ಪ್ಯಾಚ್ ಇದೆ. ಡಾಸ್ ಸುಮ್ಮನೆ ಕೂತಾಗಲೂ ಹೋಸ್ಟಿನ ಒಂದು ಕೋರ್ ನೂರಕ್ಕೆ ನೂರು ಓಡುತ್ತಿದ್ದರೆ ಫ್ರೀಡಾಸ್‌ನ ವಿದ್ಯುತ್ ಉಳಿಸುವ ಸಾಧನ ಎಫ್‌ಡಿಎಪಿಎಂ ಲೋಡ್ ಮಾಡಿ, ಫ್ಯಾನಿನ ಸದ್ದು ಇಳಿಯುತ್ತದೆ.

ಸೀರಿಯಲ್ ಪೋರ್ಟನ್ನು ಹೋಸ್ಟಿನ ಯುಎಸ್‌ಬಿ-ಸೀರಿಯಲ್ ಕೇಬಲ್‌ಗೆ ಜೋಡಿಸಬಹುದು, ಮಷೀನಿಗೆ ಜಾಬ್ ಇಳಿಸಲು ಸಾಮಾನ್ಯವಾಗಿ ಅಷ್ಟು ಸಾಕು. ಮೊದಲ ಸಲ ಕಳಿಸುವಾಗ ಮಷೀನಿನಲ್ಲಿ ಕೆಲಸದ ತುಂಡು ಕಟ್ಟದೆ, ಸ್ಪಿಂಡಲ್ ಬಂದ್ ಇಟ್ಟು, ಇಳಿದ ಪ್ರೋಗ್ರಾಂ ಸಾಲು ಸಾಲಾಗಿ ಹೊಂದುತ್ತದೆಯೇ ನೋಡಿ. ಹ್ಯಾಂಡ್‌ಶೇಕ್ ತಪ್ಪಿ ಮಧ್ಯದ ಒಂದು ಸಾಲು ಬಿಟ್ಟುಹೋದರೆ ಟೂಲ್ ಮುರಿಯುತ್ತದೆ. ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಲಾಕ್ ಇದ್ದರೆ ಹೋಸ್ಟಿನಲ್ಲಿ ನಿಜವಾದ ಪ್ಯಾರಲಲ್ ಪೋರ್ಟೇ ಬೇಕು, ಯುಎಸ್‌ಬಿ ಪ್ರಿಂಟರ್ ಕೇಬಲ್ ಆ ಲಾಕನ್ನು ಗುರುತಿಸುವುದಿಲ್ಲ. ಇನ್ನು ಡಾಸ್‌ನಲ್ಲಿ ಕನ್ನಡ ಅಕ್ಷರ ಮೂಡಿಸಲು ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಹಾಕಿಸಿಕೊಂಡಿದ್ದವರ ಕಥೆ ಬೇರೆ: ಆ ಕಾರ್ಡನ್ನು ಕ್ಯೂಎಮು ಅನುಕರಿಸುವುದಿಲ್ಲ. ಅಂಥ ಕಡೆ ಪ್ರೋಗ್ರಾಂ ಓಡಿಸುವ ಹಟ ಬಿಟ್ಟು, ಇಸ್ಕಿ ಎಂಬ ಹಳೆಯ ಭಾರತೀಯ ಅಕ್ಷರಸಂಕೇತದಲ್ಲಿರುವ ಡೇಟಾ ಫೈಲುಗಳನ್ನು ಇಮೇಜಿನಿಂದ ಹೊರತೆಗೆದು ಯೂನಿಕೋಡ್‌ಗೆ ಬದಲಿಸಿಕೊಳ್ಳುವುದೇ ಸರಿ.